ಡಿ'ಸೋಜ ಅಂದರೆ ಪ್ರೋಗ್ರಾಂ ಯಾಕೆ ಮುಗ್ಗರಿಸುತ್ತದೆ?

ಮಂಗಳೂರಿನ ಒಂದು ಸಂಘಕ್ಕೆ ಸದಸ್ಯರ ಪಟ್ಟಿ ತುಂಬುವ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಶೆಟ್ಟಿ, ಭಟ್, ಪೂಜಾರಿ ಎಲ್ಲರೂ ಸಲೀಸಾಗಿ ಸೇರಿದರು. ಡಿ'ಸೋಜ ಎಂದು ಟೈಪ್ ಮಾಡಿದ ಕೂಡಲೇ ಎರರ್. ತಪ್ಪು ಹೆಸರಿನದ್ದಲ್ಲ, ನನ್ನದು.

ಪ್ರೋಗ್ರಾಂನಲ್ಲಿ ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಎರಡು ಕೋಟ್‌ಗಳ ನಡುವೆ ಇಡುತ್ತೇವೆ. 'ಡಿ'ಸೋಜ' ಎಂದು ಬರೆದರೆ ನಡುವಿನ ಕೋಟ್ ಬಂದಲ್ಲಿಗೇ ಹೆಸರು ಮುಗಿಯಿತು ಎಂದು ಕಂಪ್ಯೂಟರ್ ತಿಳಿಯುತ್ತದೆ. ಉಳಿದ ಸೋಜವನ್ನು ಏನು ಮಾಡಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇದು ಬರೀ ಅಕ್ಷರ, ಗಡಿಯಲ್ಲ ಎಂದು ಗುರುತು ಹಾಕುವುದೇ ಎಸ್ಕೇಪ್ ಮಾಡುವುದು.

ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಕೋಟ್‌ನ ಹಿಂದೆ ಒಂದು ಬ್ಯಾಕ್‌ಸ್ಲಾಶ್ ಹಾಕಿ:

ಹೆಸರು = 'ಡಿ\'ಸೋಜ'

ಈ ಸಾಲನ್ನು ಹಾಗೇ ಓಡಿಸಬಹುದು. ಪೈಥಾನ್ 3ರಲ್ಲಿ, ಮಾಹಿತಿಯನ್ನು ಹಿಡಿದಿಡುವ ವೇರಿಯಬಲ್‌ಗೆ ಕನ್ನಡದ ಹೆಸರೂ ನಡೆಯುತ್ತದೆ! ಹೊರಗಡೆ ಡಬಲ್ ಕೋಟ್ ಹಾಕಿದರೂ ಸಾಕು. ಆದರೆ ಈಗ ಬ್ಯಾಕ್‌ಸ್ಲಾಶ್‌ಗೇ ವಿಶೇಷ ಅರ್ಥ ಬಂತು, ಅಲ್ವಾ? ಅದರ ಮುಂದೆ ಇಂಗ್ಲಿಷಿನ ಸಣ್ಣ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಹಾಗಾಗಿ ಬ್ಯಾಕ್‌ಸ್ಲಾಶ್ ಬೇಕಾದಲ್ಲಿ ಎರಡು ಬರೆಯಬೇಕು: \\.

ಕೈಯಾರೆ ಬದಲಿಸುವುದಾದರೆ ಕ್ರಮ ಮುಖ್ಯ. ಮೊದಲು ಬ್ಯಾಕ್‌ಸ್ಲಾಶ್‌ಗಳನ್ನು ಎರಡಾಗಿಸಿ, ಆಮೇಲೆ ಕೋಟ್ ನೋಡಿ. ಉಲ್ಟಾ ಮಾಡಿದರೆ ಡಿ\'ಸೋಜ ಹೋಗಿ ಡಿ\\'ಸೋಜ ಆಗುತ್ತದೆ. ಎರಡು ಗೆರೆ ಸೇರಿ ಒಂದು ಬ್ಯಾಕ್‌ಸ್ಲಾಶ್ ಆಯಿತು, ಕೋಟ್ ಮತ್ತೆ ಬಿಡುಗಡೆ!

ಇನ್ನು ಡೇಟಾಬೇಸ್. ನಾನು ಎಡವಿದ್ದು ಇಲ್ಲೇ. ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಕೋಟನ್ನೇ ಎರಡು ಸಲ ಬರೆಯಬೇಕು: 'ಡಿ''ಸೋಜ'. ಗೊತ್ತಿದ್ದರೂ ಕೈಯಾರೆ ಮಾಡಬೇಡಿ. ಸುಮ್ನೆ ಸ್ಟ್ರಿಂಗ್‌ಗಳನ್ನು ಅಂಟಿಸುತ್ತಾ ಹೋದರೆ, ಕಿಡಿಗೇಡಿಯೊಬ್ಬ ಹೆಸರಿನ ಜಾಗದಲ್ಲಿ ಕೋಟ್ ಹಾಕಿ ಅದರ ಮುಂದೆ ತನ್ನ ಆಜ್ಞೆಯನ್ನೇ ಬರೆಯಬಹುದು. ಎಸ್‌ಕ್ಯುಎಲ್ ಇಂಜೆಕ್ಷನ್ ಅಂದರೆ ಇದೇ. ಇದಕ್ಕೆ ಎಸ್ಕೇಪ್‌ಗಿಂತ ಪ್ಯಾರಾಮೀಟರ್ ವಾಸಿ. ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯುಎಲೈಟ್‌ನಲ್ಲಾದರೆ ಹೆಸರಿನ ಜಾಗದಲ್ಲಿ ಬರೀ ? ಇಡಿ, ಹೆಸರನ್ನು ಬೇರೆಯಾಗಿ ಕಳಿಸಿ. ಆಗ ಅದರೊಳಗೆ ಏನಿದ್ದರೂ ಡೇಟಾಬೇಸ್ ಅದನ್ನು ಆಜ್ಞೆ ಎಂದು ಓದುವುದಿಲ್ಲ.

ವೆಬ್ ಪುಟದಲ್ಲಿ, ಅಂದರೆ ಎಚ್‌ಟಿಎಂಎಲ್‌ನಲ್ಲಿ, ತೋರಿಸುವಾಗ ನಿಯಮ ಬೇರೆ. & ಇದ್ದರೆ &#38;, < ಇದ್ದರೆ &#60;, ಕೋಟ್ ಇದ್ದರೆ &#39;. ಇಲ್ಲೂ & ಮೊದಲು. ಪೈಥಾನ್‌ನ ಎಚ್‌ಟಿಎಂಎಲ್ ಮಾಡ್ಯೂಲ್‌ನಲ್ಲಿ ಎಸ್ಕೇಪ್ ಎಂಬ ಫಂಕ್ಷನ್ ಸಿದ್ಧವಾಗಿದೆ, ಅದನ್ನೇ ಬಳಸಿ. ಎರಡು ಸಲ ಮಾತ್ರ ಮಾಡಬೇಡಿ. ಪರದೆಯ ಮೇಲೆ ಡಿ&#39;ಸೋಜ ಎಂದು ಕಾಣುವುದು ಹಾಗೆ ಮಾಡಿದಾಗಲೇ. ಡೇಟಾಬೇಸ್‌ನಲ್ಲಿ ಹೆಸರು ಇದ್ದ ಹಾಗೇ ಇರಲಿ, ಪುಟಕ್ಕೆ ಕಳಿಸುವಾಗ ಒಮ್ಮೆ ಎಸ್ಕೇಪ್ ಮಾಡಿದರೆ ಸಾಕು.

ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಜೇಸನ್ ಎಂಬ ರೂಪವನ್ನು ಬಳಸುವ ಕನ್ನಡಿಗರಿಗೆ ಒಂದು ಮಾತು. ಪೈಥಾನ್‌ನ ಜೇಸನ್ ಬರೆಯುವ ಡಂಪ್ಸ್ ಫಂಕ್ಷನ್‌ಗೆ ಕನ್ನಡ ಕೊಟ್ಟರೆ 'ಕ' ಎಂಬ ಒಂದಕ್ಷರ ಬ್ಯಾಕ್‌ಸ್ಲಾಶ್ ಸೇರಿ ಆರು ಚಿಹ್ನೆಗಳಾಗುತ್ತದೆ. ಗಾಬರಿ ಬೇಡ, ಓದುವಾಗ ಮತ್ತೆ 'ಕ' ಆಗುತ್ತದೆ. ಕಡತದಲ್ಲೂ ಕನ್ನಡವೇ ಕಾಣಬೇಕಿದ್ದರೆ ಎನ್ಶೂರ್ ಆಸ್ಕಿ ಎಂಬ ಆಯ್ಕೆಗೆ ಫಾಲ್ಸ್ ಕೊಡಿ.

ಕೊನೆಗೆ ಪರೀಕ್ಷೆ. ಡಿ'ಸೋಜ, ಕೊನೆಯಲ್ಲಿ \ ಇರುವ ಹೆಸರು, ನಡುವೆ < ಮತ್ತು & ಇರುವ ಹೆಸರು, ಇವನ್ನೆಲ್ಲ ಹಾಕಿ ನೋಡಿ. ಮೊಬೈಲ್‌ನಲ್ಲಿ ಟೈಪ್ ಮಾಡುವವರು ಹುಷಾರು. ಕೆಲವು ಫೋನ್‌ಗಳು ನೆಟ್ಟಗಿನ ' ಬದಲು ಬಾಗಿದ ’ ಹಾಕುತ್ತವೆ. ಅದು ಬೇರೆಯೇ ಅಕ್ಷರ, ಎರರ್ ಬರುವುದಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ನಾನು ಪ್ರೋಗ್ರಾಂ ಕೊಟ್ಟುಬಿಟ್ಟಿದ್ದೂ ಅದರಿಂದಲೇ.