ಮತ್ತೆ ಇನ್‌ಸ್ಟಾಲ್ ಮಾಡುವ ಮುನ್ನ ಒಮ್ಮೆ ಕೇಬಲ್ ನೋಡಿ

ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಒಂದೇ ತಿಂಗಳಲ್ಲಿ ಮೂರು ಸಲ ಲಿನಕ್ಸ್ (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಹಾಕಿದವನು ನಾನು. ಮೊದಲ ಎರಡು ದಿನ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು ನೋಡಿ. ಹಾಡು ಕೇಳುತ್ತಿದ್ದರೆ ಗಕ್ಕನೆ ನಿಲ್ಲುವುದು, ಫೈಲ್ ತೆರೆದರೆ ಅರ್ಧ ನಿಮಿಷ ಬರೀ ಮೌಸ್ ಓಡಾಡುವುದು, ಮತ್ತೆ ಏನೂ ಆಗಿಲ್ಲ ಎನ್ನುವಂತೆ ಸರಿಹೋಗುವುದು. ಲಿನಕ್ಸ್ ಸರಿ ಇಲ್ಲ ಅಂತ ಅಳಿಸಿ ಮತ್ತೆ ಹಾಕಿದೆ. ಅದೇ ಕಥೆ. ಬೇರೊಂದು ಲಿನಕ್ಸ್ ಹಾಕಿದೆ. ಅದೇ ಕಥೆ. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತಾ? ಹಾರ್ಡ್ ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಗೇಣುದ್ದದ ಕೆಂಪು ಕೇಬಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹತ್ತದ ಕಂಪ್ಯೂಟರನ್ನು ಅಟ್ಟಕ್ಕೆ ಹಾಕುವ ಬದಲು ಅದಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಅನ್ನುವ ಲಿನಕ್ಸ್ ಬಗೆಗಳನ್ನು ಹಾಕಿಕೊಳ್ಳುವವರು ಇದ್ದಾರೆ. ಒಳ್ಳೆಯದೇ. ಆದರೆ ಹಳೇ ಯಂತ್ರಕ್ಕೆ ವಯಸ್ಸಾಗಿರುತ್ತದೆ, ಹೊಸ ಲಿನಕ್ಸ್‌ಗೆ ಮನೆ ಹೊಸದು. ತೊಂದರೆ ಎರಡರಲ್ಲಿ ಯಾವುದರದ್ದು ಅಂತ ಬೇರೆ ಮಾಡಿ ನೋಡಬೇಕು. ಅದಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ‘ಎಲ್-ಎಸ್-ಯು-ಎಸ್-ಬಿ’ ಎಂದಿದ್ದರೆ ಆ ಐದು ಅಕ್ಷರ ಮಾತ್ರ, ನಡುವೆ ಜಾಗ ಬೇಡ, ಗೆರೆ ಬೇಡ. ಕಮಾಂಡ್ ಹೊಡೆಯುವ ಕಿಟಕಿಯಾದ ಟರ್ಮಿನಲ್ ತೆರೆಯಲು ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಮುಂದೆ ‘ಸುಡೊ’ ಇರುವ ಕಮಾಂಡ್ ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಹಲವು ಲಿನಕ್ಸ್‌ಗಳಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳಬೇಡಿ. ಹೊಡೆದು ಎಂಟರ್ ಒತ್ತಿ, ಅಷ್ಟೇ.

ಮೊದಲು ಡಬ್ಬ

ಪರದೆ ಪೂರ್ತಿ ಕಪ್ಪಾಗಿದೆ, ಆದರೆ ಫ್ಯಾನ್ ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ಮೊದಲು ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬದ ಹಿಂಭಾಗ ನೋಡಿ. ಒಳಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು. ಮೇಲಿನ ಮದರ್‌ಬೋರ್ಡ್ ಪೋರ್ಟ್‌ಗೆ ಚುಚ್ಚಿ ತಲೆ ಕೆರೆದುಕೊಳ್ಳುವವರು ಬೇಕಾದಷ್ಟು ಜನ.

ಅದು ಸರಿಯಿದ್ದು, ಬೀಪ್ ಬೀಪ್ ಅನ್ನುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಒಳಗೆ ಕೈ ಹಾಕುವ ಮೊದಲು ಡಬ್ಬದ ಬರಿ ಲೋಹವನ್ನು ಮುಟ್ಟಿ. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ. ರಿಪೇರಿ ಅಂಗಡಿಯ ಹುಡುಗರು ಮೊದಲು ಮಾಡುವುದೂ ಇದನ್ನೇ.

ಡಬ್ಬ ಬಿಚ್ಚಿದ ಮೇಲೆ ಮದರ್‌ಬೋರ್ಡ್‌ನ ಗುಂಡು ಸೆಲ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ನಮ್ಮ ಚಿಕ್ಕಪ್ಪ ಒಂದು ವರ್ಷ ಪ್ರತಿದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿ ಎಫ್1 ಒತ್ತುತ್ತಿದ್ದರು. ಯಾಕೆ ಚಿಕ್ಕಪ್ಪಾ ಅಂದರೆ, “ಅದೂ ಒಂದು ಪಾಸ್‌ವರ್ಡ್ ಅಂದ್ಕೊಂಡಿದ್ದೆ ಕಣೋ” ಅಂದರು. ಪ್ಲಗ್ ಕಿತ್ತಾಗಲೂ ಗಡಿಯಾರ ಮತ್ತು ಬಯೋಸ್ (ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್‌ನ ಪ್ರೋಗ್ರಾಂ) ಸೆಟ್ಟಿಂಗ್ ನೆನಪಿಡಲು ಇರುವ 3 ವೋಲ್ಟ್‌ನ ಸೆಲ್ ಅದು, ಸಿಆರ್2032 ಅಂತ ಮೇಲೆ ಬರೆದಿರುತ್ತದೆ. ಅದು ಸತ್ತರೆ ತಾರೀಕು ಹಿಂದಕ್ಕೆ ಹೋಗುತ್ತದೆ, ಆನ್ ಮಾಡಿದಾಗಲೆಲ್ಲ ಎಫ್1 ಒತ್ತು ಅನ್ನಬಹುದು, ಯಾವುದರಿಂದ ಬೂಟ್ ಆಗಬೇಕು, ಅಂದರೆ ಶುರುವಾಗಬೇಕು, ಅನ್ನುವುದೂ ಮರೆತುಹೋಗಬಹುದು. ಕೈಗಡಿಯಾರದ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ಬದಲಿಸಿದ ಮೇಲೆ ಬಯೋಸ್‌ಗೆ ಹೋಗಿ ತಾರೀಕು, ಬೂಟ್ ಕ್ರಮ ಸರಿಮಾಡಿ.

ಬಯೋಸ್‌ನಲ್ಲಿ ಇದ್ದಾಗಲೇ ಇನ್ನೊಂದು. ಡಿಸ್ಕ್ ಇದ್ದರೂ ಇನ್‌ಸ್ಟಾಲರ್‌ಗೆ ಕಾಣುತ್ತಿಲ್ಲ ಅಂದರೆ ಡಿಸ್ಕ್ ಜೊತೆ ಮಾತಾಡುವ ಬಗೆಯನ್ನು ಹೇಳುವ ಸಾಟಾ ಮೋಡ್ ‘ರೈಡ್’ ಅಥವಾ ‘ಆರ್‌ಎಸ್‌ಟಿ’ ಅಂತ ಇದೆಯಾ ನೋಡಿ, ‘ಎಎಚ್‌ಸಿಐ’ ಮಾಡಿ. ಹುಷಾರು, ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಹೀಗೆ ಏಕಾಏಕಿ ಬದಲಿಸಿದಾಗ ಅದು ಬೂಟ್ ಆಗದೆ ನಿಲ್ಲಬಹುದು.

ಪೆನ್‌ಡ್ರೈವ್ ಪರೀಕ್ಷೆ

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅಳಿಸಬೇಡಿ. ಅದರಿಂದ ಬೂಟ್ ಮಾಡಿ, ‘ಟ್ರೈ’ ಆಯ್ಕೆಯಲ್ಲಿ ಸುಮ್ನೆ ಒಂದು ಗಂಟೆ ಕೆಲಸ ಮಾಡಿ ನೋಡಿ. ಕಂಪ್ಯೂಟರ್ ಆನ್ ಆಗುವಾಗ ಎಫ್12, ಎಫ್11, ಎಫ್8 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ. ಕೀ ಯಾವುದು ಅನ್ನುವುದು ಕಂಪನಿ ಮೇಲೆ. ಪೆನ್‌ಡ್ರೈವ್‌ನಲ್ಲೂ ವೈ-ಫೈ ಬರಲಿಲ್ಲ, ಸೌಂಡ್ ಬರಲಿಲ್ಲ ಅಂದರೆ ತೊಂದರೆ ಯಂತ್ರದ್ದು ಅಥವಾ ಅದರ ಭಾಗಗಳನ್ನು ನಡೆಸುವ ಪ್ರೋಗ್ರಾಂ ಆದ ಡ್ರೈವರ್‌ನದ್ದು. ಅಲ್ಲಿ ಬಂದು ಇಲ್ಲಿ ಬರದಿದ್ದರೆ ನಿಮ್ಮ ಸೆಟ್ಟಿಂಗ್‌ನದ್ದು.

ನಾನು ಮೋಸಹೋದದ್ದು ಇಲ್ಲೇ. ಪೆನ್‌ಡ್ರೈವ್‌ನಲ್ಲಿ ಇಡೀ ಸಂಜೆ ಬೆಣ್ಣೆಯ ಹಾಗೆ ಓಡಿತು. ಹಾಗಾದರೆ ಯಂತ್ರ ಸರಿ ಇದೆ, ಇನ್‌ಸ್ಟಾಲ್ ಮಾಡಿದ್ದೇ ತಪ್ಪು ಅಂದುಕೊಂಡೆ. ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ಹಾರ್ಡ್ ಡಿಸ್ಕ್‌ನ ಗೊಡವೆಗೇ ಹೋಗುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ. ಡಿಸ್ಕ್‌ನ ಕಾಯಿಲೆ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಕರ್ನಲ್ ಏನು ಗೊಣಗುತ್ತಿದೆ ಕೇಳಿ

ಲಿನಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದು. ಒಳಗೆ ಆಗುವುದನ್ನೆಲ್ಲ ಅದರ ತಿರುಳಾದ ಕರ್ನಲ್ ಬರೆದಿಡುತ್ತದೆ. ‘ಸುಡೊ’, ಜಾಗ, ‘ಡಿ-ಎಂ-ಇ-ಎಸ್-ಜಿ’, ಜಾಗ, ಮೈನಸ್ ಗುರುತಿಗೆ ಅಂಟಿಸಿ ‘ಡಬ್ಲ್ಯು’ ಹೊಡೆದು ಎಂಟರ್ ಕೊಡಿ. ಆ ಕಿಟಕಿಯನ್ನು ತೆರೆದಿಟ್ಟುಕೊಂಡೇ ತೊಂದರೆ ಕೊಡುವ ಕೆಲಸ ಮಾಡಿ. ಪೆನ್‌ಡ್ರೈವ್ ಚುಚ್ಚಿದರೆ ಅಲ್ಲಿ ತಕ್ಷಣ ಹೊಸ ಸಾಲು ಬರಬೇಕು. ಒಂದು ಸಾಲೂ ಬರಲಿಲ್ಲ ಅಂದರೆ ಪೋರ್ಟ್, ಕೇಬಲ್ ಅಥವಾ ಆ ಸಾಧನವೇ ಕೆಟ್ಟಿದೆ. ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ.

ನಾನು ಹಾಡು ಹಾಕಿಕೊಂಡು ಕಾದೆ. ಹಾಡು ನಿಂತ ಕ್ಷಣಕ್ಕೆ ಸರಿಯಾಗಿ ‘ಎಟಿಎ1’ ಎಂದು ಶುರುವಾಗುವ ಸಾಲುಗಳು ದಬದಬ ಬಿದ್ದವು. ‘ಫೇಲ್ಡ್ ಕಮಾಂಡ್’. ‘ಹಾರ್ಡ್ ರೀಸೆಟಿಂಗ್ ಲಿಂಕ್’. ಸ್ವಲ್ಪ ಹೊತ್ತಿಗೆ ಲಿಂಕ್ ವೇಗವನ್ನು 1.5 ಜಿಬಿಪಿಎಸ್‌ಗೆ ಇಳಿಸುತ್ತಿದ್ದೇನೆ ಅನ್ನುವ ಅರ್ಥದ ಇನ್ನೊಂದು ಸಾಲು. ಡಿಸ್ಕ್ ಜೊತೆ ಮಾತು ಕಡಿದುಹೋಗುತ್ತಿದೆ, ಕೂಗಿ ಕೂಗಿ ಮತ್ತೆ ಎಬ್ಬಿಸುತ್ತಿದ್ದೇನೆ ಅಂತ ಕರ್ನಲ್ ಪಾಪ ಅಷ್ಟು ದಿನವೂ ಹೇಳುತ್ತಲೇ ಇತ್ತು.

ಮಾತು ಕಡಿಯುವುದು ಡಿಸ್ಕ್‌ನಿಂದಲೋ ದಾರಿಯಿಂದಲೋ? ಅದಕ್ಕೆ ‘ಡಿಸ್ಕ್ಸ್’ ಅನ್ನುವ ಆ್ಯಪ್ ತೆರೆಯಿರಿ. ಡಿಸ್ಕ್ ಆರಿಸಿ, ಮೆನುವಿನಲ್ಲಿ ‘ಸ್ಮಾರ್ಟ್ ಡೇಟಾ’ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಹೆದರಬೇಡಿ, ಮೂರೇ ಸಾಲು ನೋಡಿದರೆ ಸಾಕು. 5 ಮತ್ತು 197ನೇ ನಂಬರ್‌ಗಳ ಮುಂದೆ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು, ಅದು ದಿನೇ ದಿನೇ ಏರುತ್ತಿದ್ದರೆ ಡಿಸ್ಕ್‌ನ ಮೈಯೇ ಹಾಳಾಗುತ್ತಿದೆ. ಫೋಟೊ, ದಾಖಲೆ ಎಲ್ಲ ಇವತ್ತೇ ಬೇರೆ ಕಡೆ ನಕಲು ಮಾಡಿ. 199ನೇ ನಂಬರ್ ಬೇರೆಯೇ ಕಥೆ ಹೇಳುತ್ತದೆ. ಡಿಸ್ಕ್‌ಗೂ ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಮಾಹಿತಿ ಎಷ್ಟು ಸಲ ಕೆಟ್ಟಿತು ಅನ್ನುವ ಲೆಕ್ಕ ಅದು. ನನ್ನದರಲ್ಲಿ 5 ಮತ್ತು 197 ಸೊನ್ನೆ, 199 ಮಾತ್ರ 300 ಚಿಲ್ಲರೆ. ಕೇಬಲ್ ಬದಲಿಸಿದೆ, ಕಾಟ ನಿಂತಿತು. ಕೇಬಲ್ ಬದಲಿಸಿದರೂ ಆ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಏರದಿದ್ದರೆ ಸಾಕು. ನಾನು ಒಂದು ವಾರ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದೆ, ಮನೆಯವರು ನಗುತ್ತಿದ್ದರು.

ಹೊತ್ತುಗೊತ್ತಿಲ್ಲದೆ ಹ್ಯಾಂಗ್ ಆಗುವುದು, ತಾನೇ ರೀಸ್ಟಾರ್ಟ್ ಆಗುವುದು ಇದ್ದರೆ ಪೆನ್‌ಡ್ರೈವ್‌ನ ಮೊದಲ ಮೆನುವಿನಲ್ಲಿ ‘ಮೆಮೊರಿ ಟೆಸ್ಟ್’ ಇದೆಯಾ ನೋಡಿ. ರಾತ್ರಿ ಹಾಕಿ ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಆ ರ‍್ಯಾಮ್ ನಂಬುವ ಹಾಗಿಲ್ಲ. ಎರಡು ಕಡ್ಡಿ ಇದ್ದರೆ ಒಂದೊಂದೇ ಹಾಕಿ ಪರೀಕ್ಷಿಸಿ.

ಲೋಗೋ ಬಂದು ಪರದೆ ಕಪ್ಪಾದರೆ

ಇದು ಹೆಚ್ಚಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವಲ್ಲಿ. ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿದರೆ, ಯಾವುದನ್ನು ಶುರು ಮಾಡಲಿ ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲು ಹುಡುಕಿ, ಅದರ ಕೊನೆಗೆ ‘ಕ್ವಯಟ್ ಸ್ಪ್ಲಾಶ್’ ಇರುತ್ತದೆ. ಅದರ ಪಕ್ಕ ಒಂದು ಜಾಗ ಬಿಟ್ಟು ‘ನೋ-ಮೋಡ್-ಸೆಟ್’ ಅಂತ ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ. ಪರದೆ ಸ್ವಲ್ಪ ದಪ್ಪದಪ್ಪ ಕಾಣಬಹುದು, ಒಳಗಂತೂ ಹೋಗಬಹುದು. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದಮೇಲೆ ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’, ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ತೆರೆದು, ‘ರೆಕಮೆಂಡೆಡ್’ ಎಂದಿರುವುದನ್ನೇ ಹಾಕಿ. ಮಿಂಟ್‌ನಲ್ಲಿ ಅದಕ್ಕೂ ಮೊದಲು ‘ಟೈಮ್‌ಶಿಫ್ಟ್’ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಕೆಟ್ಟರೂ ಹಿಂದಕ್ಕೆ ಬರಬಹುದು.

ಗುರುತಿಲ್ಲದ ಪ್ರೋಗ್ರಾಂಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದರೆ ‘ಕಂಟಿನ್ಯೂ ಬೂಟ್’ ಒತ್ತಬೇಡಿ. ‘ಎನ್‌ರೋಲ್ ಎಂಓಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ನೀಲಿ ಕಂಡು ಗಾಬರಿಯಾಗಿ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದ ಹಾಗೆ.

ನೆಟ್ ಇಲ್ಲ, ನೆಟ್ ಬರಲು ನೆಟ್ ಬೇಕು

ವೈ-ಫೈ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈ-ಫೈ ಬೇಕು. ಇಲ್ಲಿ ಮೊಬೈಲ್ ಕೈ ಹಿಡಿಯುತ್ತದೆ. ಚಾರ್ಜರ್ ಕೇಬಲ್‌ನಲ್ಲಿ ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರ್‌ಗೆ ಸೇರಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಎಂದೇ ಹಿಡಿದುಕೊಳ್ಳುತ್ತದೆ. ಬರೀ ಚಾರ್ಜ್ ಮಾಡುವ ಕೇಬಲ್‌ಗಳೂ ಇರುತ್ತವೆ, ಅವು ನಡೆಯುವುದಿಲ್ಲ.

ಆಮೇಲೆ ಕಾರ್ಡ್ ಯಾವುದು ಅಂತ ತಿಳಿಯಿರಿ. ಒಳಗಿನ ಕಾರ್ಡ್ ಆದರೆ ‘ಎಲ್-ಎಸ್-ಪಿ-ಸಿ-ಐ’, ಜಾಗ, ಮೈನಸ್ ‘ಕೆ’. ಚುಚ್ಚುವ ಡಾಂಗಲ್ ಆದರೆ ‘ಎಲ್-ಎಸ್-ಯು-ಎಸ್-ಬಿ’. ಮೊದಲನೆಯದರಲ್ಲಿ ನಿಮ್ಮ ಕಾರ್ಡ್‌ನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ, ಡ್ರೈವರ್ ಮ್ಯಾನೇಜರ್ ನೋಡಿ. ಡ್ರೈವರ್ ಇದ್ದೂ ನೆಟ್ ಇಲ್ಲವೇ? ‘ಆರ್-ಎಫ್-ಕಿಲ್’ ಹೊಡೆದು ನೋಡಿ, ಎಲ್ಲೋ ಬ್ಲಾಕ್ ಆಗಿರಬಹುದು.

ಸೌಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಚ್‌ಡಿಎಂಐ ಕೇಬಲ್ ಇದ್ದರೆ ಕಂಪ್ಯೂಟರ್ ಸದ್ದನ್ನು ಮಾನಿಟರ್‌ಗೆ ಕಳಿಸುತ್ತಿರಬಹುದು, ಮಾನಿಟರ್‌ಗೋ ಸ್ಪೀಕರೇ ಇರುವುದಿಲ್ಲ. ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಿ. ಆಗಲೂ ಬರದಿದ್ದರೆ ಟರ್ಮಿನಲ್‌ನಲ್ಲಿ ‘ಆಲ್ಸಾ-ಮಿಕ್ಸರ್’ ಒಂದೇ ಪದವಾಗಿ ಹೊಡೆಯಿರಿ. ಕಂಬದ ಕೆಳಗೆ ‘ಎಂಎಂ’ ಅಂತಿದ್ದರೆ ಬಾಯಿ ಕಟ್ಟಿದೆ ಎಂದರ್ಥ, ‘ಎಂ’ ಒತ್ತಿದರೆ ಬಿಚ್ಚುತ್ತದೆ.

ವಿಂಡೋಸ್ ಜೊತೆಗೆ ಸಂಸಾರ

ಎರಡೂ ಒಂದೇ ಯಂತ್ರದಲ್ಲಿದ್ದರೆ ಗಡಿಯಾರದ ಜಗಳ ಖಾಯಂ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಬೆಳಿಗ್ಗೆ 10 ಗಂಟೆಗೆ 4.30 ತೋರಿಸುತ್ತದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ ಇಡುತ್ತದೆ, ವಿಂಡೋಸ್ ಅದನ್ನು ನಮ್ಮೂರ ಸಮಯ ಅಂತ ಓದುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ, ಅಲ್ವಾ? ‘ಟೈಮ್‌ಡೇಟ್‌ಸಿಟಿಎಲ್’, ಜಾಗ, ‘ಸೆಟ್-ಲೋಕಲ್-ಆರ್‌ಟಿಸಿ’, ಜಾಗ, ‘1’ ಕೊಟ್ಟರೆ ಲಿನಕ್ಸ್ ಹೊಂದಿಕೊಳ್ಳುತ್ತದೆ. ಇಲ್ಲಿ ‘ಸೆಟ್’, ‘ಲೋಕಲ್’, ‘ಆರ್‌ಟಿಸಿ’ ನಡುವಿನ ಗೆರೆ ನಿಜವಾಗಿಯೂ ಹೊಡೆಯಬೇಕು. ಇನ್ನು ಡಿ ಡ್ರೈವ್ ತೆರೆಯುತ್ತದೆ ಆದರೆ ಏನೂ ಬರೆಯಲು ಬಿಡುತ್ತಿಲ್ಲ ಅಂದರೆ ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದೇ ಇಲ್ಲ.

ಕನ್ನಡಕ್ಕೆ ನುಡಿ ತಂತ್ರಾಂಶದಲ್ಲಿ ಹೊಡೆದ ರೂಢಿ ಇರುವವರು ‘ಐಬಸ್-ಎಂ17ಎನ್’ (ಇಲ್ಲೂ ಗೆರೆ ಬೇಕು) ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಇನ್‌ಪುಟ್ ಸೋರ್ಸ್‌ನಲ್ಲಿ ಕನ್ನಡದ ‘ಕೆಜಿಪಿ’ ಆರಿಸಿ. ಲಾಗ್‌ಔಟ್ ಆಗದೆ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಂತ ಒದ್ದಾಡುವವರೇ ಹೆಚ್ಚು. ಅಕ್ಷರ ಒಡೆದು ಕಂಡರೆ ಫಾಂಟ್ ಹಾಕಿ, ಗುಬ್ಬಿ ಮತ್ತು ನವಿಲು ಅನ್ನುವ ಮುದ್ದಾದ ಹೆಸರಿನ ಕನ್ನಡ ಫಾಂಟ್‌ಗಳು ಉಬುಂಟುವಿನಲ್ಲೇ ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲ್‌ಗಳು ಮಾತ್ರ ಇದರಿಂದ ಓದಲು ಬರುವುದಿಲ್ಲ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಅಂಗಡಿಗೆ ಹೋಗಬೇಕಾಗಿ ಬಂದರೆ ಬರಿಗೈಯಲ್ಲಿ ಹೋಗಬೇಡಿ. ‘ಐ-ಎನ್-ಎಕ್ಸ್-ಐ’, ಜಾಗ, ಮೈನಸ್ ಗುರುತಿಗೆ ಅಂಟಿಸಿ ದೊಡ್ಡ ‘ಎಫ್’ ಹೊಡೆದರೆ ಯಂತ್ರದ ಪೂರ್ತಿ ಜಾತಕ ಬರುತ್ತದೆ, ಅದರ ಫೋಟೊ ಮೊಬೈಲ್‌ನಲ್ಲಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಕೌಂಟರ್‌ನಲ್ಲಿ ನಿಂತು “ಕಂಪ್ಯೂಟರ್ ಸ್ಲೋ ಆಗಿದೆ” ಅಂದರೆ ಹೊಸ ಕಂಪ್ಯೂಟರ್ ತೋರಿಸಬಹುದು. “ಒಂದು ಸಾಟಾ ಕೇಬಲ್ ಕೊಡಿ, ಲಾಕ್ ಕ್ಲಿಪ್ ಇರೋದು” ಅಂದರೆ ಕೇಬಲ್ ಕೊಡುತ್ತಾರೆ.