ಡ್ರೈಯರ್ ಖರ್ಚಿನ ಲೆಕ್ಕ ಶುರುವಾಗೋದು ವಾಷಿಂಗ್ ಮಷೀನ್‌ನಲ್ಲಿ

ಮೈಸೂರಲ್ಲಿ ಬಟ್ಟೆ ಒಣಗಿಸೋ ಕಷ್ಟ ವರ್ಷವಿಡೀ ಇರಲ್ಲ. ಆಷಾಢದಲ್ಲಿ ಜಿಟಿಜಿಟಿ ಮಳೆಯಿದ್ದರೂ ಗಾಳಿ ಜೋರಿರುತ್ತೆ, ಸೂರಿನ ಕೆಳಗೆ ಕಟ್ಟಿದ ತಂತಿಯಲ್ಲೇ ಪಂಚೆ, ಶರ್ಟು ಒಣಗಿಬಿಡುತ್ತವೆ. ಸತಾಯಿಸೋದು ಸೆಪ್ಟೆಂಬರ್, ಅಕ್ಟೋಬರ್. ಗಾಳಿ ಬಿದ್ದುಹೋಗಿರುತ್ತೆ, ಮಧ್ಯಾಹ್ನ ಕಳೆದ ಮೇಲೆ ಮಳೆ ಹುಯ್ಯುತ್ತೆ. ಟವೆಲ್ಲು, ಜೀನ್ಸು ಎರಡು ದಿನ ಕಳೆದರೂ ತಣ್ಣಗೇ ಇದ್ದು ಮುಗ್ಗಲು ವಾಸನೆ ಹಿಡಿಯುತ್ತವೆ. ಹೀಗಾಗಿ ನಮ್ಮಲ್ಲಿ ಡ್ರೈಯರ್ ಓಡೋದು ಆ ಎರಡು ತಿಂಗಳು, ಜೊತೆಗೆ ಮೇ ತಿಂಗಳ ಮಳೆಯ ಕೆಲವು ದಿನ. ವರ್ಷಕ್ಕೆ ಹೆಚ್ಚೂಕಡಿಮೆ 60 ಸಲ. ಮುಂದಿನ ಲೆಕ್ಕವೆಲ್ಲ 7 ಕಿಲೋದ, 2,000 ವ್ಯಾಟ್ ಹೀಟರ್ ಇರುವ, ಹಸಿಗಾಳಿಯನ್ನು ಪೈಪಿನಲ್ಲಿ ಹೊರಕ್ಕೆ ಬಿಡುವ ಮಾಮೂಲಿ ಡ್ರೈಯರ್‌ದು.

ಕರೆಂಟು ಎಷ್ಟು ತಿನ್ನುತ್ತೆ ಅನ್ನೋದು ಬಟ್ಟೆಯ ತೂಕಕ್ಕಿಂತ ಅದರಲ್ಲಿ ಉಳಿದ ನೀರಿಗೆ ಸೇರಿದ ವಿಷಯ. ಲಗೇಜ್ ತೂಗುವ ಕೈತಕ್ಕಡಿಗೆ ಬುಟ್ಟಿ ಸಿಕ್ಕಿಸಿ ತೂಗಿದರೆ ಗೊತ್ತಾಗಿಬಿಡುತ್ತೆ. 5 ಕಿಲೋ ಒಣಬಟ್ಟೆ ನಿಮಿಷಕ್ಕೆ 800 ಸುತ್ತಿನ ಸ್ಪಿನ್ ಮುಗಿಸಿ ಬಂದಾಗ ಎಂಟೂವರೆ ಕಿಲೋ ತೂಗುತ್ತೆ, 1,000 ಸುತ್ತಿಗೆ ಸುಮಾರು 8, 1,400ಕ್ಕೆ ಏಳೂವರೆ. ಅಂದರೆ ಒಂದೇ ಬಟ್ಟೆಯಲ್ಲಿ ಒಂದು ಲೀಟರ್ ನೀರಿನ ವ್ಯತ್ಯಾಸ. ಒಂದು ಲೀಟರ್ ನೀರನ್ನು ಆವಿ ಮಾಡೋದಕ್ಕೇ 0.63 ಯೂನಿಟ್ ಬೇಕು, ಹೀಟರ್ ಇರುವ ಯಾವ ಕಂಪನಿಯ ಡ್ರೈಯರ್ ತಂದರೂ ಇದು ತಪ್ಪಿದ್ದಲ್ಲ. ಡ್ರಮ್ಮು, ಗಾಳಿ ಕಾಯಿಸೋದು, ಮೋಟಾರು ಎಲ್ಲಾ ಸೇರಿ ಪೈಪಿನ ಡ್ರೈಯರ್‌ನಲ್ಲಿ ಲೀಟರಿಗೆ ಒಂದು ಯೂನಿಟ್ ಮೀರುತ್ತೆ. 3 ಲೀಟರ್ ನೀರಿನ ಲೋಡಿಗೆ 3.2 ಯೂನಿಟ್, ಸಮಯ ಒಂದೂಮುಕ್ಕಾಲು ಗಂಟೆ.

ಅದೇ ನೀರನ್ನು ಹಿಂಡಿ ತೆಗೆಯೋದು ತೀರಾ ಅಗ್ಗ. ವಾಷಿಂಗ್ ಮಷೀನ್‌ನಲ್ಲಿ ಇನ್ನೊಂದು ಸಲ ಬರೀ ಸ್ಪಿನ್ ಕೊಟ್ಟರೆ 0.1 ಯೂನಿಟ್ಟೂ ಆಗಲ್ಲ, ಕಾಲು ಲೀಟರಾದರೂ ನೀರು ಇಳಿಯುತ್ತೆ. ಅದಕ್ಕಿಂತ ಅಗ್ಗದ್ದು ತಂತಿ. ಬೆಳಿಗ್ಗೆ ಸೂರಿನಡಿ ಒಣಹಾಕಿ, ಮಧ್ಯಾಹ್ನ ಮಳೆ ಹನಿಯುವ ಹೊತ್ತಿಗೆ ತೆಗೆದು ತೂಗಿದರೆ 8 ಕಿಲೋ ಇದ್ದದ್ದು 6.2ಕ್ಕೆ ಬಂದಿರುತ್ತೆ. ಉಳಿದ 1.2 ಲೀಟರಿಗೆ ಡ್ರೈಯರ್ 40 ನಿಮಿಷ ಓಡಿದರೆ ಸಾಕು, 1.3 ಯೂನಿಟ್. ಒದ್ದೆ ಬಟ್ಟೆಯನ್ನು ಮಷೀನ್‌ನಿಂದ ತೆಗೆದು ನೇರ ಡ್ರೈಯರ್‌ಗೆ ತುರುಕೋದನ್ನು ನಾನಂತೂ ನಾಲ್ಕು ದಿನ ಬಿಡದೆ ಮಳೆ ಹಿಡಿದಾಗ ಮಾತ್ರ ಮಾಡೋದು.

ನಿಮ್ಮ ಮನೆಯ ಲೆಕ್ಕ ಬೇಕಿದ್ದರೆ ಮೇನ್ ಬೋರ್ಡಿನಲ್ಲಿ ಬೇರೆಲ್ಲ ಎಂಸಿಬಿ ಸ್ವಿಚ್ಚು ಇಳಿಸಿ, ಡ್ರೈಯರ್ ಒಂದನ್ನೇ ಓಡಿಸಿ, ಮೊದಲೂ ಕೊನೆಗೂ ಮೀಟರ್ ಓದಿ. ಮೀಟರಿನ ಕೆಂಪು ದೀಪ ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅದರ ಮುಖದ ಮೇಲೇ ಅಚ್ಚಾಗಿರುತ್ತೆ.

ಇನ್ನು ದುಡ್ಡು. ತೆರಿಗೆ, ಸರ್ಚಾರ್ಜು ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಪೂರ್ತಿ ಲೋಡಿಗೆ 22 ರೂಪಾಯಿ, ಅರೆ ಒಣಗಿದ್ದಕ್ಕೆ 9. ಆದರೆ ಮೈಸೂರಿಗೆ ಕರೆಂಟು ಕೊಡುವ ಸೆಸ್ಕ್ ಬಿಲ್ಲಿನಲ್ಲಿ ಇದು ಇಷ್ಟು ನೇರವಾಗಿಲ್ಲ, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ನಡುವೆ ಬರುತ್ತೆ. 2022–23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟು ಉಚಿತ. ಅದನ್ನು ದಾಟಿದರೂ 200 ಯೂನಿಟ್ಟಿನ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲೂ ನಮ್ಮದೇ. ತಿಂಗಳಿಗೆ 12 ಲೋಡ್ ಅಂದರೆ 38 ಯೂನಿಟ್. 110 ಯೂನಿಟ್ ಉಚಿತ ಇರುವ, 105 ಬಳಸುತ್ತಿದ್ದ ಮನೆಗೆ ಅದು 143 ಆಗುತ್ತೆ, 33 ಯೂನಿಟ್ಟಿಗೆ 231 ರೂಪಾಯಿ ಕಟ್ಟಿದರೆ ಮುಗೀತು. 180 ಉಚಿತ ಇರುವ, 170 ಬಳಸುತ್ತಿದ್ದ ಮನೆಗೆ ಅದೇ 38 ಸೇರಿ 208. ಈಗ 208ಕ್ಕೂ ದುಡ್ಡು, 1,456 ರೂಪಾಯಿ, ನಿಗದಿತ ಶುಲ್ಕ ಬೇರೆ. ಒಂದು ಬುಟ್ಟಿ ಬಟ್ಟೆ ಒಣಗಿಸೋಕೆ 120 ರೂಪಾಯಿ ಮೇಲೆ ಬಿತ್ತು! 170ರ ಆಸುಪಾಸಿನಲ್ಲಿರುವ ಮನೆಯವರು ಡ್ರೈಯರ್ ಗುಂಡಿ ಒತ್ತೋ ಮೊದಲು ಮೀಟರ್ ನೋಡಿ. ತಿಂಗಳ ರೀಡಿಂಗ್‌ಗೆ ಬರೋ ದಿನ ಹತ್ತಿರವಿದ್ದರೆ ಬೆಡ್‌ಶೀಟು, ಟವೆಲ್ಲುಗಳನ್ನು ಅದಾದ ಮೇಲೆ ಹಾಕಿ.

ವೈರಿಂಗ್ ವಿಷಯ ಹೆಚ್ಚಿಲ್ಲ. 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರು, ತನ್ನದೇ ಎಂಸಿಬಿ, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. 20 ನಿಮಿಷ ಓಡಿದ ಮೇಲೆ ಡ್ರೈಯರ್ ನಿಲ್ಲಿಸಿ, ಸ್ವಿಚ್ ಆರಿಸಿ ಪ್ಲಗ್ಗು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲ ಅಂತ. ಹಳೇ ಮನೆಗಳಿಗೆ ಸೆಸ್ಕ್ ಮಂಜೂರು ಮಾಡಿದ ವಿದ್ಯುತ್ ಲೋಡ್ 1 ಅಥವಾ 2 ಕಿಲೋವ್ಯಾಟ್ ಇರುತ್ತೆ. ಗೀಸರ್ ಜೊತೆ ಡ್ರೈಯರ್ ಹಾಕಿದರೆ 4 ಆಯಿತು. ಒಂದಾದ ಮೇಲೆ ಒಂದು ಹಾಕೋದು ರೂಢಿಯಾಗಲಿ. ಯುಪಿಎಸ್ ಲೈನಿಗಂತೂ ಸೇರಿಸಲೇಬಾರದು.

ಪೈಪಿನ ವಿಷಯದಲ್ಲಿ ಮಾತ್ರ ತುಂಬಾ ಜನ ಎಡವುತ್ತಾರೆ. 4 ಇಂಚಿನ ಸುರುಳಿ ಪೈಪು ಯುಟಿಲಿಟಿಯ ಕಿಟಕಿಯಿಂದ ಹೊರಗೆ ಹೋಗಬೇಕು, ಆದಷ್ಟು ಗಿಡ್ಡಗೆ, ಆದಷ್ಟು ನೇರವಾಗಿ. ಅಳವಡಿಸೋಕೆ ಬಂದವರು ಉಳಿದ ಪೈಪನ್ನು ಕತ್ತರಿಸದೆ ಹಿಂದೆ ಮಡಚಿ ಬಿಟ್ಟುಹೋಗೋದುಂಟು. ಜೋತುಬಿದ್ದ ಜಾಗದಲ್ಲಿ ಆವಿ ತಣ್ಣಗಾಗಿ ನೀರು ನಿಲ್ಲುತ್ತೆ, ನೀರಿಗೆ ನೂಲಿನ ಧೂಳು ಅಂಟಿ ಕೆಸರಾಗುತ್ತೆ, ಗಾಳಿ ಕಟ್ಟುತ್ತೆ. ಒಂದೂಮುಕ್ಕಾಲು ಗಂಟೆಯ ಕೆಲಸ ಎರಡೂವರೆ ಗಂಟೆಗೆ ಹೋದರೆ ಮೊದಲು ನೋಡಬೇಕಾದ್ದು ಇದನ್ನೇ. ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಬೇಡಿ, ಕೆಲವೇ ವಾರಗಳಲ್ಲಿ ಧೂಳು ಮೆತ್ತಿ ಮುಚ್ಚಿಕೊಳ್ಳುತ್ತೆ. ಪೈಪೇ ಬೇಡ ಅಂತ ಕೋಣೆಯೊಳಗೆ ಬಿಟ್ಟರೆ ಮೂರು ಲೀಟರ್ ನೀರು ಗೋಡೆಗೆ, ಪ್ಲೈವುಡ್ ಬೀರುವಿಗೆ ಹೋಗುತ್ತೆ. ಗೋಡೆ ಬೂಷ್ಟು ಹಿಡಿಯೋಕೆ ತುಂಬಾ ದಿನ ಬೇಕಿಲ್ಲ.

ಬಾಗಿಲ ಬಳಿಯ ಜಾಲರಿಯನ್ನು ಪ್ರತಿ ಸಲವೂ ತೆಗೆದು ಒರೆಸಬೇಕು. ಹೊಸ ಟವೆಲ್ ಒಣಗಿಸಿದ ಮೇಲೆ ತೆಗೆದರೆ ಬೂದುಬಣ್ಣದ ಮೆತ್ತನೆ ಹಾಳೆಯ ಹಾಗೆ ಒಂದೇ ತುಂಡಾಗಿ ಎದ್ದು ಬರುತ್ತೆ, ಬೆರಳಿಂದ ಸುತ್ತಿದರೆ ದೀಪದ ಬತ್ತಿಯಷ್ಟು ದಪ್ಪ. ಬತ್ತಿಯಷ್ಟೇ ಚೆನ್ನಾಗಿ ಉರಿಯುತ್ತೆ ಕೂಡ. ಕಣ್ಣಿಗೆ ಚೊಕ್ಕಟವಾಗಿ ಕಂಡರೂ ತಿಂಗಳಿಗೊಮ್ಮೆ ಜಾಲರಿಯ ಮೇಲೆ ನಲ್ಲಿ ನೀರು ಬಿಡಿ. ನೀರು ಸೋರದೆ ಮೇಲೇ ನಿಂತರೆ ಫ್ಯಾಬ್ರಿಕ್ ಕಂಡಿಷನರ್‌ನ ಜಿಡ್ಡು ಕಣ್ಣು ಮುಚ್ಚಿದೆ ಅಂತ ಅರ್ಥ. ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಟೂತ್‌ಬ್ರಷ್ ಸಾಕು. ಡ್ರಮ್ಮಿನ ಮುಂಭಾಗದಲ್ಲಿ ಎರಡು ಲೋಹದ ಪಟ್ಟಿಗಳಿದ್ದರೆ ಅದು ತೇವ ಅಳೆಯುವ ಸೆನ್ಸರ್. ಅದಕ್ಕೂ ಇದೇ ಜಿಡ್ಡು, ಬೋರ್‌ವೆಲ್ ನೀರಿನ ಉಪ್ಪು ಹತ್ತುತ್ತೆ, ಆಗ ಅದರ ಅಳತೆ ತಪ್ಪುತ್ತೆ. ಹತ್ತಿಗೆ ವಿನೆಗರ್ ಅದ್ದಿ ಒರೆಸಿ.

ಎಣ್ಣೆ ಹತ್ತಿದ್ದನ್ನು ಮಾತ್ರ ಒಳಗೆ ಬಿಡಬೇಡಿ. ಅಡುಗೆಮನೆಯ ಮಸಿಬಟ್ಟೆ, ಕರಿದ ತಿಂಡಿ ಹರವಿದ ಬಟ್ಟೆ, ಎಣ್ಣೆಸ್ನಾನ ಮಾಡಿ ಒರೆಸಿಕೊಂಡ ಟವೆಲ್ಲು. ಒಗೆದರೂ ನೂಲಿನೊಳಗೆ ಎಣ್ಣೆ ಉಳಿಯುತ್ತೆ. ಬಿಸಿ ಬಟ್ಟೆಯ ರಾಶಿಯಲ್ಲಿ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನೇ ಕಾಯುತ್ತಾ ಹೋಗುತ್ತೆ, ಕಾವು ಹೊರಬೀಳೋಕೆ ದಾರಿಯಿಲ್ಲದೆ ಡ್ರೈಯರ್ ಆರಿಸಿದ ಮೇಲೂ ಹೊತ್ತಿಕೊಳ್ಳಬಹುದು. ಕೊನೆಯ ಹತ್ತು ನಿಮಿಷ ಹೀಟರ್ ಇಲ್ಲದೆ ತಿರುಗೋದು ಬಟ್ಟೆ ತಣ್ಣಗಾಗಲಿ ಅಂತ. ಅವಸರಕ್ಕೆ ಅದನ್ನು ಕತ್ತರಿಸಬೇಡಿ. ನಡುವೆ ಕರೆಂಟು ಹೋದರೆ ಬಾಗಿಲು ತೆಗೆದು ಬಟ್ಟೆ ಹೊರಗೆಳೆದು ಹರವಿಬಿಡಿ.

ಲೇಬಲ್ಲಿನ ಮೇಲೆ ಚೌಕದೊಳಗೆ ವೃತ್ತ ಇದ್ದರೆ ಡ್ರೈಯರ್‌ಗೆ ಹಾಕಬಹುದು, ಗೀಟು ಹೊಡೆದಿದ್ದರೆ ಬೇಡ. ಒಂದು ಚುಕ್ಕೆ ಕಡಿಮೆ ಕಾವು, ಎರಡು ಚುಕ್ಕೆ ಮಾಮೂಲಿ. ಮೈಸೂರು ಸಿಲ್ಕಿನ ಮಾತೇ ಬೇಡ. ಕಾಟನ್ ಸೀರೆ ಹಾಳಾಗಲ್ಲ, ಆದರೆ ಐದೂವರೆ ಮೀಟರೂ ಹಗ್ಗ ಹೊಸೆದುಕೊಂಡು ನಡುಭಾಗ ಹಸಿಯಾಗೇ ಉಳಿಯುತ್ತೆ. ಸೀರೆ, ಪಂಚೆ ತಂತಿಗೇ ಸರಿ. ಡಬಲ್ ಬೆಡ್‌ಶೀಟ್ ಜೊತೆ ಕಾಲುಚೀಲ, ಕರ್ಚೀಫು ಹಾಕಿದರೆ ಅವು ಗಂಟಿನೊಳಗೆ ಹಸಿಹಸಿ ಸಿಗುತ್ತವೆ. ಟೀಶರ್ಟು ಪೂರ್ತಿ ಒಣಗುವ ತನಕ ಬಿಟ್ಟರೆ ಕುಗ್ಗುತ್ತೆ, ಚೂರು ತೇವ ಇರುವಾಗಲೇ ತೆಗೆದು ನೇತುಹಾಕಿ. ಇಸ್ತ್ರಿಯ ಕೆಲಸವೂ ಅರ್ಧ ತಪ್ಪುತ್ತೆ.

ಆವಿಯ ಕಾವನ್ನೇ ಮತ್ತೆ ಬಳಸಿಕೊಳ್ಳುವ ಹೀಟ್ ಪಂಪ್ ಡ್ರೈಯರ್ ಇದೇ ಲೋಡನ್ನು ಒಂದೂವರೆ ಯೂನಿಟ್ ಆಸುಪಾಸಿನಲ್ಲಿ ಮುಗಿಸುತ್ತೆ, ಸಮಯ ಹೆಚ್ಚು. ಲೋಡಿಗೆ 12 ರೂಪಾಯಿ ಉಳಿತಾಯ. ಬೆಲೆಯಲ್ಲಿ 30,000 ವ್ಯತ್ಯಾಸವಿದ್ದರೆ ಅದು ತೀರೋಕೆ 2,500 ಲೋಡ್ ಬೇಕು, ವರ್ಷಕ್ಕೆ 60 ಸಲದವರಿಗೆ 40 ವರ್ಷ ದಾಟಿತು. ಮಗು ಇರುವ, ದಿನಾ ಹಾಕುವ, 200ರ ಗಡಿಯಲ್ಲಿರುವ ಮನೆಗೆ ಮಾತ್ರ ಅದು ಹೊಂದುತ್ತೆ. ಒಗೆಯೋದು ಒಣಗಿಸೋದು ಒಂದರಲ್ಲೇ ಇರುವ ಮಷೀನ್ 8 ಕಿಲೋ ಒಗೆದರೆ ಒಣಗಿಸೋದು 5 ಕಿಲೋ, ಆವಿ ತಣಿಸೋಕೆ ನಲ್ಲಿ ನೀರು ಹರಿಸುವ ಮಾದರಿಗಳೂ ಇವೆ. ನೀರು ಎರಡು ದಿನಕ್ಕೊಮ್ಮೆ ಬಿಡುವ ಬಡಾವಣೆಯವರು ಕೊಳ್ಳುವ ಮೊದಲು ಕೇಳಿಕೊಳ್ಳಿ.

ಹೀಟ್ ಪಂಪ್ ಡ್ರೈಯರ್‌ನಲ್ಲಿ ಆವಿ ತಣಿದು ತೊಟ್ಟಿಯಲ್ಲಿ ತುಂಬುವ ನೀರನ್ನು ಯುಪಿಎಸ್ ಬ್ಯಾಟರಿಗೆ ಹಾಕಬಹುದಾ ಅಂತ ಕೇಳುವವರಿದ್ದಾರೆ. ಬೇಡ. ನೋಡೋಕೆ ತಿಳಿಯಾಗಿದ್ದರೂ ಅದರಲ್ಲಿ ನೂಲು, ಸೋಪಿನ ಅಂಶ ಇರುತ್ತೆ. ನೆಲ ಒರೆಸೋಕೆ ಇಟ್ಟುಕೊಳ್ಳಿ.