ಗಾಡಿ ಒಂದು ಓಣಿ ಆಚೆ

ರೋಗಿಯ ಮನೆ ಮುಂದೆ ಗಾಡಿ ನಿಲ್ಲಿಸಬಾರದು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ, ಆಜಾದ್ ನಗರದ ಒಬ್ಬ ಹೆಣ್ಣುಮಗಳು ಹೇಳಿಕೊಟ್ಟಳು. "ಸರ್ರೆ, ನಿಮ್ಮ ಗಾಡಿ ಬಂದು ನಿಂತ ದಿನ ನಳದ ಹತ್ರ ನಮ್ಮ ಕೊಡ ಹಿಂದಕ್ಕೆ ಹೋಗ್ತೈತಿ" ಅಂದಳು. ಅಂದಿನಿಂದ ಒಂದು ಓಣಿ ಆಚೆ, ಯಾವುದಾದರೂ ಕಿರಾಣಿ ಅಂಗಡಿ ಪಕ್ಕ ನಿಲ್ಲಿಸಿ ನಡೆದುಕೊಂಡು ಹೋಗುತ್ತೇನೆ. ಇಲಾಖೆಯ ಹೆಸರು ಅಚ್ಚಾಗಿದ್ದ ಚೀಲ ಮನೆಯಲ್ಲೇ ಉಳಿಯಿತು. ಈಗಿನದು ಮಾಮೂಲಿ ಕಪ್ಪು ಚೀಲ. ಎಷ್ಟೋ ಓಣಿಗಳಲ್ಲಿ ನಾನು ಎಲ್ಐಸಿ ಏಜೆಂಟ್ ಎಂದೇ ಪ್ರಸಿದ್ಧ. ಒಬ್ಬ ಅಜ್ಜಿ ಎರಡು ವರ್ಷ ಬಿಡದೆ, ಮೊಮ್ಮಗನ ಹೆಸರಿಗೆ ಪಾಲಿಸಿ ಮಾಡಿಸಿಕೊಡು ಅಂತ ಬೆನ್ನು ಬಿದ್ದಿದ್ದಳು.

ದಾವಣಗೆರೆಯಲ್ಲಿ ಕ್ಷಯರೋಗಿಗಳ ಮನೆಮನೆಗೆ ಹೋಗುವ ಕೆಲಸ ನನ್ನದು. 2009ರಲ್ಲಿ ಗುತ್ತಿಗೆ ಮೇಲೆ ಸೇರಿದೆ, ಇವತ್ತಿಗೂ ಗುತ್ತಿಗೆಯೇ. ಕಫ ಪರೀಕ್ಷೆಗೆ ಕಳಿಸುವುದು, ಗುಳಿಗೆ ಮುಟ್ಟಿಸುವುದು, ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಕರೆತರುವುದು. ಹೇಳುವಾಗ ಇಷ್ಟೇ.

ಹಿಂದೆ ಒಬ್ಬೊಬ್ಬ ರೋಗಿಗೂ ಅವನ ಹೆಸರು ಬರೆದ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ವಾರಕ್ಕೆ ಮೂರು ದಿನ ಬಂದು ನಮ್ಮ ಎದುರಿಗೇ ನುಂಗಬೇಕು. 2017ರಲ್ಲಿ ಪದ್ಧತಿ ಬದಲಾಯಿತು. ಈಗ ದಿನಾ ಗುಳಿಗೆ, ಅದೂ ತೂಕಕ್ಕೆ ತಕ್ಕಂತೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. 28 ಗುಳಿಗೆಯ ಶೀಟುಗಳನ್ನು ಮನೆಗೇ ಕೊಟ್ಟು ಬರುತ್ತೇವೆ. ಔಷಧಿಯ ಲೆಕ್ಕದಲ್ಲಿ ಇದೇ ಸರಿ, ಅನುಮಾನವಿಲ್ಲ. ಆದರೆ ಅಲ್ಲಿಯವರೆಗೆ ಕಣ್ಣಾರೆ ನೋಡುತ್ತಿದ್ದವನು ಅಂದಿನಿಂದ ನಂಬುವವನಾದೆ.

ಈ ಕೆಲಸದಲ್ಲಿ ಮಾತು ಮರೆತರೆ ಏನಾಗುತ್ತದೆ ಎಂದು ಮೊದಲ ವರ್ಷವೇ ಗೊತ್ತಾಯಿತು. ಕ್ಷಯದ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ತಗೊಂಡರೆ ಮೂತ್ರ ಕಿತ್ತಳೆ ಕೆಂಪಿಗೆ ತಿರುಗುತ್ತದೆ. ಏನೂ ಅಪಾಯವಿಲ್ಲ, ಮೊದಲೇ ಹೇಳಿಬಿಟ್ಟರೆ ಆಯಿತು. ಒಬ್ಬ ಹಮಾಲಿಗೆ ಹೇಳುವುದನ್ನು ಮರೆತೆ. ಆತ ಬೆಳಿಗ್ಗೆ ನೋಡಿಕೊಂಡು, ರಕ್ತ ಹೋಗುತ್ತಿದೆ, ಆಸ್ಪತ್ರೆಯವರು ವಿಷ ಕೊಟ್ಟಿದ್ದಾರೆ ಅಂತ ಎಲ್ಲ ಗುಳಿಗೆ ಚರಂಡಿಗೆ ಸುರಿದು ಊರಿಗೆ ಹೋಗಿಬಿಟ್ಟ. ಹುಡುಕಿ, ಅವನ ಮಾವನ ಕೈಕಾಲು ಹಿಡಿದು ವಾಪಸ್ ಕರೆತರುವಷ್ಟರಲ್ಲಿ ಮೂರು ವಾರ. ಈಗ ನಮಸ್ಕಾರ ಮರೆತರೂ ಈ ಮಾತು ಮರೆಯುವುದಿಲ್ಲ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಓಣಿಗಳು ನನ್ನ ಕೆಲಸದ ದೊಡ್ಡ ಪಾಲು. ಮಿರ್ಚಿ ಜೊತೆ ಮಂಡಕ್ಕಿ ತಿನ್ನುವವರು ಒಮ್ಮೆ ಭಟ್ಟಿಯೊಳಗೆ ಹೋಗಿ ನಿಂತು ನೋಡಬೇಕು. ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಅರಳುತ್ತದೆ, ನೋಡಲು ಚಂದ. ಅದರ ಮುಂದೆ ನಿಂತವನು ಬೆಳಗಿನ ಜಾವದಿಂದ ಶಾಖ, ಬೂದಿ, ಹೊಟ್ಟಿನ ಹೊಗೆ ಕುಡಿಯುತ್ತಿರುತ್ತಾನೆ. ಟಿ.ಬಿ. ಬರುವುದು ರೋಗಾಣುವಿನಿಂದ, ಹೊಗೆಯಿಂದಲ್ಲ. ಆದರೆ ಅಲ್ಲಿ ಎಲ್ಲರೂ ಕೆಮ್ಮುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಅಂದರೆ, "ಇದು ಭಟ್ಟಿ ಕೆಮ್ಮು ಬಿಡ್ರಿ" ಅನ್ನುತ್ತಾರೆ. ಹಾಗೆ ಅನ್ನುತ್ತಲೇ ನಾಲ್ಕೈದು ತಿಂಗಳು ಕಳೆದಿರುತ್ತದೆ.

ಅಂಥ ಒಬ್ಬ ಸಿಕ್ಕಾಗ ಅವನ ತೂಕ 41 ಕಿಲೋ. ವಯಸ್ಸು ಮೂವತ್ತೂ ಆಗಿರಲಿಲ್ಲ. ದಿನಕ್ಕೆ ಮೂರು ಗುಳಿಗೆ. ಬರಿಹೊಟ್ಟೆಯಲ್ಲಿ ನುಂಗಿದರೆ ಭಟ್ಟಿಯ ಶಾಖಕ್ಕೆ ವಾಂತಿ, ವಾಂತಿಯಾದರೆ ಆ ದಿನದ ಕೂಲಿ ಹೋಯಿತು. ಅವನು ಬಿಡುವವನಿದ್ದ. ನಾನು ಅವನ ಜೊತೆ ವಾದ ಮಾಡಲಿಲ್ಲ, ಹೆಂಡತಿಯ ಹತ್ತಿರ ಕೂತೆ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ಕೊಡೋಣವೇ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದೆ. ಡಾಕ್ಟರು ಒಪ್ಪಿದರು. ಆಕೆ ಗುಳಿಗೆ ಶೀಟನ್ನು ಅಕ್ಕಿ ಡಬ್ಬದೊಳಗೆ ಇಡತೊಡಗಿದಳು. ರಾತ್ರಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಅದು ಕೈಗೆ ಸಿಗಲೇಬೇಕು, ಮರೆಯುವ ಮಾತೇ ಇಲ್ಲ. ಈ ಉಪಾಯವನ್ನು ಆಮೇಲೆ ಕನಿಷ್ಠ ನಲವತ್ತು ಮನೆಗಳಿಗೆ ನನ್ನದೇ ಎನ್ನುವ ಹಾಗೆ ಹೇಳಿದ್ದೇನೆ. ಅವರ ಮೂರು ವರ್ಷದ ಮಗುವಿಗೂ ರೋಗ ಅಂಟದಂತೆ ಆರು ತಿಂಗಳ ಗುಳಿಗೆ ಶುರುವಾಯಿತು. ಅದು ಅಪ್ಪನಿಗಿಂತ ಜಾಣ, ತಾನೇ ಬಾಯಿ ತೆರೆದು ನಿಲ್ಲುತ್ತಿತ್ತು.

ಈ ಕೆಲಸದಲ್ಲಿ ಖುಷಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೂಕದ ಯಂತ್ರ ತೋರಿಸುತ್ತೇನೆ. ಎರಡನೇ ತಿಂಗಳಿಗೆ ಆತ 44 ಆದ. ಮುಂದಿನ ಸಲ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಮೊಬೈಲು ಎಲ್ಲ ಇಟ್ಟುಕೊಂಡೇ ಹತ್ತಿದ. "ಚಪ್ಪಲಿ ಬಿಡಪ್ಪಾ" ಅಂದರೆ, "ಇರ್ಲಿ ಬಿಡ್ರಿ ಸರ್, ಒಂದು ಪಾವು ಜಾಸ್ತಿ ಬರ್ಕೊಳ್ರಿ" ಎಂದು ನಕ್ಕ. ಅವನು ನಗುವುದನ್ನು ನೋಡಿದ್ದು ಅದೇ ಮೊದಲು. ತೂಕ 50 ದಾಟಿದಾಗ ದಿನಕ್ಕೆ ನಾಲ್ಕು ಗುಳಿಗೆಯಾಯಿತು, ಅದಕ್ಕೆ ಸಿಟ್ಟೂ ಬಂತು. "ಗುಣ ಆಗ್ತಾ ಇದ್ರೆ ಗುಳಿಗೆ ಕಮ್ಮಿ ಆಗ್ಬೇಕಲ್ರಿ, ಜಾಸ್ತಿ ಯಾಕೆ?" ನ್ಯಾಯವಾದ ಪ್ರಶ್ನೆ. ಮೈ ದೊಡ್ಡದಾದರೆ ಅಂಗಿಗೆ ಬಟ್ಟೆ ಜಾಸ್ತಿ ಬೇಡವೇ ಅಂದೆ. ಒಪ್ಪಿದ.

ಮೂರನೇ ತಿಂಗಳು ಅನ್ನುವುದೊಂದು ಗಂಡಾಂತರ. ಕೆಮ್ಮು ನಿಂತಿರುತ್ತದೆ, ಹಸಿವು ಬಂದಿರುತ್ತದೆ, ಇನ್ನು ಯಾಕೆ ಗುಳಿಗೆ ಎನ್ನಿಸುತ್ತದೆ. ದುಗ್ಗಮ್ಮನ ಜಾತ್ರೆ ಆ ತಿಂಗಳಲ್ಲೇ ಬಂದರಂತೂ ಮುಗಿದೇ ಹೋಯಿತು. ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ, ಮನೆತುಂಬ ನೆಂಟರು, ಬಾಡೂಟ, ಅದರ ಜೊತೆಗೆ ಕುಡಿತ. ಜಾತ್ರೆಯ ವಾರ ನಾನು ಗುಳಿಗೆ ಮಾತೇ ಎತ್ತುವುದಿಲ್ಲ. ನೆಂಟರ ಮುಂದೆ ಸುಮ್ಮನೆ ನಮಸ್ಕಾರ ಹೊಡೆದು ಮುಂದೆ ಹೋಗುತ್ತೇನೆ. ಮುಖ ಕಂಡರೆ ಸಾಕು, ನೆನಪಾಗುತ್ತದೆ.

ಎಲ್ಲರಿಗೂ ನೆನಪಾಗುವುದಿಲ್ಲ. ಒಬ್ಬ ಆಟೋ ಹುಡುಗನಿದ್ದ. ಪ್ರತಿ ಸಲವೂ "ತಗೊಂಡೆ ಅಣ್ಣಾ, ಈಗ ತಾನೇ ತಗೊಂಡೆ" ಅನ್ನುತ್ತಿದ್ದ. ಗುರುತು ಹಾಕಿಕೊಂಡು ಬರುತ್ತಿದ್ದೆ. ಹತ್ತು ಮನೆ ಬಾಕಿ ಇರುತ್ತವೆ, ಸಂಜೆಯೊಳಗೆ ಆನ್‌ಲೈನ್ ಎಂಟ್ರಿ ಆಗಬೇಕು, ಆಗದಿದ್ದರೆ ಮೇಲಿನಿಂದ ಫೋನು. ಅವನು ತೀರಿಹೋದ ಹದಿನೈದು ದಿನಕ್ಕೆ ಅವನ ತಾಯಿ ಕೇಂದ್ರಕ್ಕೆ ಬಂದಳು. ಬೇಕರಿಯ ಪ್ಲಾಸ್ಟಿಕ್ ಕವರಿನಲ್ಲಿ ಗುಳಿಗೆ ಶೀಟುಗಳು. "ಹಾಸಿಗೆ ಕೆಳಗೆ ಇದ್ವು. ಬೇರೆ ಯಾರ ಮಕ್ಕಳಿಗಾದ್ರೂ ಆಗ್ತಾವೇನೋ ನೋಡ್ರಿ" ಅಂದಳು. ಆಕೆ ಹೋದ ಮೇಲೆ ಎಣಿಸಿದೆ. 93 ಗುಳಿಗೆ. ಅವನಿಗೆ ದಿನಕ್ಕೆ ಮೂರು, ಅಂದರೆ 31 ದಿನ. ಆ 31 ದಿನಕ್ಕೂ ನನ್ನ ದಾಖಲೆಯಲ್ಲಿ ಹಸಿರು ಗುರುತಿತ್ತು.

ಆಮೇಲೆ ನಾನು "ತಗೊಂಡ್ಯಾ?" ಅಂತ ಕೇಳುವುದನ್ನೇ ಬಿಟ್ಟೆ. "ಎಷ್ಟು ದಿನ ತಪ್ಪೈತಿ?" ಅನ್ನುತ್ತೇನೆ. ತಪ್ಪಿರುತ್ತದೆ ಅಂತ ನಾನೇ ಒಪ್ಪಿಕೊಂಡು ಕೇಳಿದರೆ ನಿಜ ಹೇಳುತ್ತಾರೆ. ಖಾಲಿ ಶೀಟನ್ನೂ ನೋಡುತ್ತೇನೆ, ಆದರೆ ಪೊಲೀಸರ ಹಾಗಲ್ಲ. ಹೊಸ ಶೀಟು ಕೊಡುವಾಗ ಹಳೆಯದನ್ನು ಕಸಕ್ಕೆ ಅಂತ ಇಸಿದುಕೊಳ್ಳುತ್ತೇನೆ, ಅಷ್ಟೇ.

ರೋಗಿಗಳಿಗಿಂತ ದುಡ್ಡಿನ ವಿಷಯ ಹೆಚ್ಚು ಹಣ್ಣು ಮಾಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಒಳ್ಳೆಯ ಯೋಜನೆಯೇ. ಆದರೆ ಆಧಾರ್ ಒಂದು ಬ್ಯಾಂಕಿಗೆ, ಪಾಸ್‌ಬುಕ್ ಇನ್ನೊಂದು ಬ್ಯಾಂಕಿನದು, ಮೊಬೈಲ್ ನಂಬರ್ ಯಾವತ್ತೋ ಬಿಟ್ಟುಹೋದ ಅಳಿಯನದು. ದುಡ್ಡು ಬರದಿದ್ದರೆ ಬೈಗುಳ ನನಗೆ. "ಗೃಹಲಕ್ಷ್ಮಿ ಬರ್ತೈತಿ, ಇದ್ಯಾಕೆ ಬರಲ್ಲ? ನೀವೇ ತಿಂದ್ರೇನು?" ಎಂದು ಓಣಿಗೆಲ್ಲ ಕೇಳುವ ಹಾಗೆ ಒಬ್ಬಾಕೆ ಕೂಗಿದಳು. ಅಷ್ಟು ವರ್ಷ ಜೋಪಾನ ಮಾಡಿದ್ದ ಎಲ್ಐಸಿ ವೇಷ ಆ ಓಣಿಯಲ್ಲಿ ಅವತ್ತೇ ಕಳಚಿತು.

2024ರ ಬೇಸಿಗೆಯಲ್ಲಿ ದೇಶದಲ್ಲೇ ಗುಳಿಗೆ ಕೊರತೆಯಾಯಿತು. ತಿಂಗಳಿಗೆ ಕೊಡುತ್ತಿದ್ದದ್ದನ್ನು ವಾರಕ್ಕೆ, ಕೆಲವು ಸಲ ಮೂರು ದಿನಕ್ಕೆ ಎಂದು ಕತ್ತರಿಸಿ ಕೊಟ್ಟೆವು. ಒಂದು ದಿನ ತಪ್ಪಿಸಿದರೆ ರೋಗ ಮೊಂಡಾಗುತ್ತದೆ ಎಂದು ವರ್ಷಾನುಗಟ್ಟಲೆ ಹೆದರಿಸಿದವನು ನಾನು. "ಈಗ ಮೊಂಡಾಗಲ್ವೇನ್ರಿ?" ಎಂದು ಅವರು ಕೇಳಿದಾಗ ಏನು ಹೇಳಬೇಕಿತ್ತು? ಸ್ಕೂಟರಿನಲ್ಲಿ ಕತ್ತರಿ ಇಟ್ಟುಕೊಂಡು ಓಡಾಡಿದ್ದು ಆಗಲೇ. 2025ಕ್ಕೆ ಕ್ಷಯಮುಕ್ತ ಭಾರತ ಎಂಬ ಗೋಡೆಬರಹದ ಪಕ್ಕದಲ್ಲೇ ನಿಂತು ಶೀಟು ಕತ್ತರಿಸಿದ್ದೂ ಉಂಟು.

ಸಂಬಳ ತಡವಾಗುವುದರ ಬಗ್ಗೆ ಬರೆಯುವುದಿಲ್ಲ. ಗುತ್ತಿಗೆಯವರಿಗೆ ಗೊತ್ತಿರುವುದೇ, ಉಳಿದವರಿಗೆ ಬೇಸರ.

ಮನೆಯಲ್ಲಿ ನಾನು ಹೊಸ್ತಿಲು ದಾಟಿದರೆ ಮೊದಲು ಬಚ್ಚಲಿಗೆ, ಆಮೇಲೆ ಮಗಳ ಹತ್ತಿರ. ಒಂದು ಸಲ ನನಗೇ ಕೆಮ್ಮು ಹತ್ತಿತು, ಮೂರನೇ ವಾರಕ್ಕೂ ಹೋಗಲಿಲ್ಲ. ಸಾವಿರ ಜನಕ್ಕೆ "ಇದರಲ್ಲಿ ನಾಚಿಕೆ ಪಡೋದು ಏನೈತಿ" ಎಂದು ಹೇಳಿದವನು ಬೆಳಿಗ್ಗೆ ಐದಕ್ಕೆ, ಹೆಂಡತಿ ಏಳುವ ಮುಂಚೆ, ಮಾಳಿಗೆ ಮೇಲೆ ನಿಂತು ಡಬ್ಬಿಗೆ ಕಫ ಉಗುಳಿದೆ. ಅದನ್ನು ಸ್ಕೂಟರಿನ ಸೀಟಿನಡಿ, ಮಳೆಕೋಟಿನೊಳಗೆ ಮುಚ್ಚಿಟ್ಟು ಒಯ್ದೆ. ಲ್ಯಾಬಿನ ಹುಡುಗನಿಗೆ ಯಾರದೋ ಎಂಬಂತೆ ಕೊಟ್ಟೆ. ಟಿ.ಬಿ. ಇಲ್ಲ ಎಂದು ಬಂತು. ಆದರೆ ಆ ಎರಡು ದಿನ ನಾನು ಮಗಳನ್ನು ಮುಟ್ಟಲಿಲ್ಲ, ಕಾರಣ ಕೇಳಿದ್ದಕ್ಕೆ ಹೆಂಡತಿ ಮೇಲೆ ರೇಗಿದೆ. ನನ್ನ ಮುಖದ ಮೇಲೆ ಬಾಗಿಲು ಹಾಕಿದವರ ಮೇಲೆ ಆಮೇಲೆ ನನಗೆ ಸಿಟ್ಟು ಬಂದದ್ದು ಕಡಿಮೆ.

ಗುಣವಾದವರು ನನ್ನನ್ನು ಮಾತಾಡಿಸುವುದಿಲ್ಲ. ಮೊದಮೊದಲು ಇದು ಚುಚ್ಚುತ್ತಿತ್ತು. ಚೌಕಿಪೇಟೆಯಲ್ಲಿ, ಹಳೇ ಬಸ್ ನಿಲ್ದಾಣದಲ್ಲಿ ಎದುರಾದರೆ ಕಣ್ಣು ತಪ್ಪಿಸಿ ಪಕ್ಕದ ಅಂಗಡಿಗೆ ನುಗ್ಗುತ್ತಾರೆ. ಆರು ತಿಂಗಳು ಇವರ ಕೊನೆಯ ಗುಳಿಗೆಯವರೆಗೆ ಲೆಕ್ಕ ಇಟ್ಟವನು ನಾನು, ಒಂದು ನಗುವಿಗೂ ಕಷ್ಟವೇ ಎನ್ನಿಸುತ್ತಿತ್ತು. ಈಗ ನಾನೇ ಮೊದಲು ಬೇರೆ ಕಡೆ ನೋಡುತ್ತೇನೆ. ನೋಡುವ ಮುಂಚೆ ಒಂದು ಕ್ಷಣ ಕೆನ್ನೆ ತುಂಬಿದೆಯೇ, ಕತ್ತಿನ ಮೂಳೆ ಮುಚ್ಚಿದೆಯೇ ಗಮನಿಸಿಬಿಡುತ್ತೇನೆ. ಚಾಳಿ.

ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿಯ ಮನೆಗೆ ನಾನು ಒಂದೇ ಸಲ ಹೋದದ್ದು. ರಕ್ತ ಕಮ್ಮಿ ಎಂದು ನೆಂಟರಿಗೆಲ್ಲ ಹೇಳಿದ್ದರು. ಹುಡುಗಿ ಕಾಲೇಜಿನಿಂದ ಮಧ್ಯಾಹ್ನ ತಾನೇ ಕೇಂದ್ರಕ್ಕೆ ಬಂದು, ಗುಳಿಗೆ ಶೀಟನ್ನು ನೋಟ್‌ಬುಕ್ಕಿನ ರಟ್ಟಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದಳು. ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಎರಡು ವರ್ಷದ ಮೇಲೆ ಒಂದು ದಿನ ಅವಳ ತಾಯಿ ಬಂದರು. ಜನ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದರು. "ಮಗಳ ಮದುವೆ ಐತಿ ಅಣ್ಣಾರೆ, ಮುಂದಿನ ವಾರ" ಅಂದರು. ನಾನು ಸಂತೋಷ ಅಂದೆ. ಅವರು ಸುಮ್ಮನೆ ನಿಂತಿದ್ದರು. ಆಮೇಲೆ ಸೆರಗು ತಿರುಚುತ್ತಾ, "ನೀವು ಬರಬ್ಯಾಡ್ರಿ. ತಪ್ಪು ತಿಳ್ಕೋಬ್ಯಾಡ್ರಿ. ಬೀಗರ ಕಡೆಯವರು ಯಾರು ಅಂತ ಕೇಳಿದ್ರೆ ಏನಂತ ಹೇಳ್ಲಿ?" ಅಂದರು. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬೂಂದಿ ಲಾಡು, ಚಕ್ಕುಲಿ. "ಮನೇಲಿ ಮೊದಲ ಘಾಣ ತೆಗೆದಿದ್ದು. ಅವಳೇ ಕಳಿಸಿದ್ದು."

ಲಾಡನ್ನು ಲ್ಯಾಬಿನ ಹುಡುಗನೂ ನಾನೂ ತಿಂದೆವು. ಎರಡನ್ನು ಮಗಳಿಗೆ ಒಯ್ದೆ. ಡಬ್ಬಿ ತೊಳೆದು ಇಟ್ಟಿದ್ದೇನೆ. ಮುಚ್ಚಳದ ಮೇಲೆ ಅವರ ಮನೆಯ ಹೆಸರು ಕೆತ್ತಿಸಿದ್ದಾರೆ, ಹಾಗಾಗಿ ಕೇಂದ್ರದಲ್ಲಿ ಹೊರಗೆ ಕಾಣುವಂತೆ ಇಡುವಂತಿಲ್ಲ. ವಾಪಸ್ ಕೊಡಲು ಆ ಓಣಿಗೂ ಹೋಗುವಂತಿಲ್ಲ. ಬೀರುವಿನಲ್ಲಿ ಗುಳಿಗೆ ಪೆಟ್ಟಿಗೆಗಳ ಹಿಂದೆ ಹೆಸರು ಗೋಡೆ ಕಡೆ ಮಾಡಿ ಇಟ್ಟಿದ್ದೇನೆ.